ಉಣ್ಣುವ ಅಳಿಯನನ್ನು ಎಬ್ಬಿಸಿದವಳು

ಗಾಡಿಯ ಸಪ್ಪಳ ಕೇಳಿದರೆ ನನ್ನ ಆಯಿ ಬಾಗಿಲ ಕಡೆ ನೋಡುವ ಮೊದಲು ನನ್ನನ್ನು ಮುಟ್ಟುತ್ತಿದ್ದಳು. ಕೈಗೆ ಸಿಕ್ಕಲ್ಲಿ ಮುಟ್ಟುವುದು: ನೆತ್ತಿ, ಭುಜ, ಹೆರಳು, ಊಟಕ್ಕೆ ಕೂತಿದ್ದರೆ ಎಂಜಲು ಕೈ. ನಾನು ಇದ್ದೇನೆ ಎಂದು ಖಾತ್ರಿಯಾದ ಮೇಲೆ ಉಸಿರು ಹಿಡಿದು ಕೇಳುತ್ತಿದ್ದಳು. ತುಕ್ಕಾನಟ್ಟಿಯ ಪ್ರತಿ ಎತ್ತಿನ ಕೊರಳ ಗಂಟೆ ಅವಳಿಗೆ ಗುರುತಿತ್ತು. “ಗೌಡ್ರ ಗಾಡಿ. ಬಲಗಡಿ ಎತ್ತಿನ ಗಂಟಿ ಸೀಳೈತಿ” ಎಂದು ತನಗೆ ತಾನೇ ಹೇಳಿಕೊಂಡು ಕೈ ಬಿಡುತ್ತಿದ್ದಳು. ಗುರುತಿಲ್ಲದ ಗಂಟೆಯಾದರೆ ಬಿಡುತ್ತಿರಲಿಲ್ಲ. ಆ ಗಾಡಿ ಮೂಡಲಗಿಯ ದಾರಿ ಹಿಡಿದು ಊರು ದಾಟಿ, ಸಪ್ಪಳ ಹೊಲಗಳಲ್ಲಿ ಕರಗುವವರೆಗೆ ಅವಳ ಬೆರಳುಗಳು ನನ್ನ ತೋಳಿನಲ್ಲಿ ಊರಿಕೊಂಡಿರುತ್ತಿದ್ದವು.

ಆಯಿ ಎಂದರೆ ನನ್ನ ತಾಯಿಯ ತಾಯಿ, ಹೆಸರು ಬಾಳವ್ವ. ಅವಳು ಅಂಜುತ್ತಿದ್ದದ್ದು ನನ್ನ ಅಪ್ಪನಿಗೆ. ಅವನು ಹುಕ್ಕೇರಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಒಂದು ದಿನ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಎತ್ತಿಕೊಂಡು ಹೋಗುತ್ತಾನೆ ಎಂಬ ಅಂಜಿಕೆಯಲ್ಲಿ ಆರು ವರ್ಷ ಬದುಕಿದಳು. ಆ ಆರು ವರ್ಷ ನಾನೂ ಅದೇ ಅಂಜಿಕೆಯಲ್ಲಿ ಬೆಳೆದೆ. ಬೇರೆ ಮಕ್ಕಳಿಗೆ ಗುಮ್ಮ ಬಂತು ಎನ್ನುವಲ್ಲಿ ನನಗೆ “ಹುಕ್ಕೇರಿ ಬಂತು” ಎನ್ನುತ್ತಿದ್ದರು. ಅದೊಂದು ಊರು, ಅಲ್ಲಿ ಬಜಾರವಿದೆ, ಶಾಲೆಯಿದೆ, ನನ್ನಂಥ ಹುಡುಗಿಯರು ಕಟ್ಟೆಯ ಮೇಲೆ ಕೂತು ಗಜ್ಜುಗ ಆಡುತ್ತಾರೆ ಎಂದು ತಿಳಿದದ್ದು ಬಹಳ ತಡವಾಗಿ.

ಬೇರೆ ಯಾವುದಕ್ಕೂ ಅವಳು ಅಂಜಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಎತ್ತರದ ಆಳು, ಒಣಗಿದ ಮೈ, ಮಾತಾಡುವಾಗ ಎದುರಿನವರ ಹಣೆ ನೋಡುವ ರೂಢಿ. ಗಂಡ ಸತ್ತ ಮೇಲೆ ಎರಡು ಕೂರಿಗೆ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸಿದಳು. ಒಮ್ಮೆ ಒಲೆಯ ಹಿಂದೆ ಹಾವು ಬಂದಿತ್ತಂತೆ. ಊದುಗೊಳವೆಯಿಂದ ಅದರ ತಲೆ ಒತ್ತಿ ಹಿಡಿದು, ಪಕ್ಕದ ಮನೆಯ ಕಡೆ ತಿರುಗಿ, “ಇಮಾಮಣ್ಣಾ, ಲಗೂನ ಬಾರೋ, ಇದನ್ನ ಒಯ್ಯಿ, ನನ್ನ ರೊಟ್ಟಿ ಹೊತ್ತಾಕತ್ತಾವು” ಎಂದು ಕೂಗಿದ್ದಳಂತೆ. ಇಮಾಮಕಾಕಾ ನಮ್ಮ ನೆರೆಯವನು. ಅರಳೆಯ ಅಂಡಿಗೆಗಳನ್ನು ಘಟಪ್ರಭಾ ಸ್ಟೇಷನ್ನಿಗೆ ಗಾಡಿಯಲ್ಲಿ ಹಾಕಿಕೊಂಡು ಹೋಗುವುದು ಅವನ ಕಸುಬು. ಈ ಕತೆಯಲ್ಲಿ ನನ್ನ ಕಣ್ಣಿಗೆ ಕಾಣದ್ದನ್ನೆಲ್ಲ ಕಂಡವನು ಅವನೇ. ಅವನು ಒಂದೇ ಸಂಗತಿಯನ್ನು ಎರಡು ಸಲ ಒಂದೇ ರೀತಿ ಹೇಳುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಬರೆದಿಡುತ್ತೇನೆ.

ನನ್ನ ಅವ್ವ ಸಾವಂತ್ರಿ ಹುಕ್ಕೇರಿಯಲ್ಲಿ ಜ್ವರದಿಂದ ತೀರಿಕೊಂಡಳು. ಸುದ್ದಿ ತುಕ್ಕಾನಟ್ಟಿಗೆ ಮುಟ್ಟಿ, ಆಯಿ ಹೊರಟು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಗಳ ಮುಖ ಸಿಗಲಿಲ್ಲ. ಎರಡೇ ದಿನದ ಜ್ವರ, ಯಾರ ತಪ್ಪೂ ಇರಲಿಲ್ಲ ಎಂದು ಎಲ್ಲರೂ ಹೇಳಿದರು. ಆಯಿಯೂ ಕೇಳಿದವರಿಗೆ ಹಾಗೇ ಹೇಳುತ್ತಿದ್ದಳು. ಅದೇ ಉಸಿರಿನಲ್ಲಿ, “ಆ ಮನಿ ಹೊಸ್ತಿಲಾ ದಾಟಿದ ನನ್ನ ಮಗಳು ತಿರಿಗಿ ಬರಲಿಲ್ಲ” ಎಂದೂ ಹೇಳುತ್ತಿದ್ದಳು. ಎರಡು ಮಾತೂ ಅವಳ ಬಾಯಲ್ಲಿ ಜಗಳವಾಡದೆ ಇದ್ದವು.

ನನಗೆ ಆಗ ಮೂರು ವರ್ಷ. ದಿನಕರ್ಮ ಮುಗಿದ ಮೇಲೆ ಅವಳು ಅಳಿಯನನ್ನು ಕೇಳಿದಳಂತೆ: “ಕೂಸಿನ ಹದಿನೈದ ದಿನಾ ಒಯ್ತೀನ್ರಿ. ಜೀವಕ್ಕ ಸಮಾಧಾನ ಆಕ್ಕೈತಿ.” ಅಪ್ಪ ಹೂಂ ಎಂದ. ಹದಿನೈದು ದಿನದ ಮೇಲೆ ನನ್ನನ್ನು ಕರೆತರಲು ಆಳು ಕಳಿಸಿದ. ಆಯಿ ಹೇಳಿ ಕಳಿಸಿದಳು: “ಮಳಿ ಹಿಡದೈತಿ, ಇನ್ನೊಂದ ಹದಿನೈದ ದಿನಾ.” ಆಮೇಲೆ ನನಗೆ ಗೊಬ್ಬರ, ಅಂದರೆ ದಡಾರ, ಎದ್ದಿತ್ತು. ಆಮೇಲೆ ಹಬ್ಬ. ಆಮೇಲೆ ಹಲ್ಲು ಬಿದ್ದಿದ್ದವು, ಹಲ್ಲಿಲ್ಲದ ಕೂಸನ್ನು ಕಳಿಸಬಾರದಂತೆ. ಅಪ್ಪ ಎರಡನೇ ಮದುವೆ ಮಾಡಿಕೊಂಡ ಮೇಲೆ ನೆಪ ಹುಡುಕುವ ಕೆಲಸವೂ ಉಳಿಯಲಿಲ್ಲ. ಹೀಗೆ ಹದಿನೈದು ಹದಿನೈದು ದಿನಗಳ ಆರು ವರ್ಷ.

ಕೊನೆಗೆ ಬೆಳಗಾವಿಯ ಕೋರ್ಟಿನಿಂದ ಕಾಗದ ಬಂತು. ತಂದೆ ತನ್ನ ಮಗಳನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಅರ್ಜಿ ಹಾಕಿದ್ದಾನೆ ಎಂದು ಅದರಲ್ಲಿತ್ತು. ಹಾವಿನ ತಲೆ ಒತ್ತಿ ಹಿಡಿದವಳು ಕಾಗದ ಮುಟ್ಟಲಿಲ್ಲ. ಮುಟ್ಟಿದರೆ ಕೂಸನ್ನು ಕೊಟ್ಟಂತೆ ಎಂದು ಅವಳ ತಿಳುವಳಿಕೆ. ಕಾಗದ ತಂದಿದ್ದ ಕೋರ್ಟಿನ ಬೇಲೀಫ ಅದನ್ನು ಬಾಗಿಲಿಗೆ ಅಂಟಿಸಿ ಹೋದ. ಆಯಿ ಒಂದು ಬುಟ್ಟಿ ಸಗಣಿ ಕಲಸಿ ತಂದು, ಬಾಗಿಲ ಸುತ್ತಲಿನ ಗೋಡೆ ಸಾರಿಸುತ್ತ ಸಾರಿಸುತ್ತ, ಕಾಗದದ ಮೇಲೂ ಸಾರಿಸಿಬಿಟ್ಟಳು. ಎರಡನೇ ಸಲ ಬಂದ ಬೇಲೀಫ ಬಾಗಿಲ ಮುಂದೆ ನಿಂತು ಬಹಳ ಹೊತ್ತು ನೋಡಿದ.

“ಏನಬೇ ಬಾಳವ್ವಾ, ಸರಕಾರಿ ಕಾಗದಕ್ಕ ಸಗಣಿ ಬಳದೀಯಲ್ಲ?”

“ಗ್ವಾಡಿ ಸಾರಿಸೀನ್ರಿ ಸಾಹೇಬರ. ನಡುವ ಏನೇನ ಇತ್ತೋ, ನನಗೇನ ಓದಾಕ ಬರ್ತೈತಿ?”

ಅವನು ನಕ್ಕು ಇನ್ನೊಂದು ಅಂಟಿಸಿ ಹೋದ. ಆಮೇಲೆ ಇದನ್ನು ಕೇಳಿ ನಾನೂ ನಕ್ಕಿದ್ದೆ. ಆಯಿ ನಗಲಿಲ್ಲ, ಬೇಲೀಫ ತಿರುವು ದಾಟಿದ ಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳಂತೆ.

ಗೋಕಾಕದಲ್ಲಿ ಒಬ್ಬ ವಕೀಲರಿದ್ದರು. ಇಮಾಮಕಾಕಾನ ಗಾಡಿಯಲ್ಲಿ ಅಲ್ಲಿಗೆ ಹೋದೆವು. ಬಿಟ್ಟು ಹೋಗಲು ಅಂಜಿಕೆಯಾಗಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ವಕೀಲರ ಮಾತು ನನಗೆ ನೆನಪಿದೆ ಎಂದು ಎಷ್ಟೋ ವರ್ಷ ತಿಳಿದಿದ್ದೆ. ಈಗ ನೋಡಿದರೆ ಆ ದನಿ, ಆ ಕೈ ತಿರುವುವುದು ಎಲ್ಲ ಇಮಾಮಕಾಕಾ ಮಾಡಿ ತೋರಿಸುತ್ತಿದ್ದ ನಕಲು. ಯಾರಿಂದ ಬಂದದ್ದಾದರೂ ಮಾತು ಇಷ್ಟು.

“ಅಪ್ಪ ಜೀವಂತ ಇರೂವಾಗ ಅಜ್ಜಿಗೆ ಹಕ್ಕಿಲ್ಲ. ಅಂವಾ ಕೂಸು ಸಾಕಾಕ ಲಾಯಕ ಅಲ್ಲ ಅಂತ ನಾವು ತೋರಸಬೇಕು. ಕುಡೀತಾನೇನು?” ಎಂದು ವಕೀಲರು ಕೇಳಿದರು.

“ಶಿವ ಶಿವಾ. ಇಲ್ರಿ.”

“ನಿಮ್ಮ ಮಗಳಿಗೆ ಹೊಡಿ ಬಡಿ ಮಾಡತಿದ್ದನೇನು?”

“ಒಂದ ಮಾತ ಏರಿಸಿ ಆಡಿದವರಲ್ರಿ.”

“ಇಸ್ಪೀಟು? ಬ್ಯಾರೆ ಹೆಂಗಸರು?”

“ಭಾಳ ಸಂಭಾವಿತರದಾರ್ರಿ.”

ವಕೀಲರು ಲೆಕ್ಕಣಿಕೆ ಕೆಳಗಿಟ್ಟರು. “ಹಂಗಾರ ಅಂಥಾವ್ರಿಗೆ ಯಾಕ ಅಂಜತೀರಿ?”

“ಅದಕ್ಕ ಅಂಜತೀನ್ರಿ. ಕೆಟ್ಟವರಿದ್ದಿದ್ರ ನಾಕ ಮಂದಿ ನನ್ನ ಕಡೆ ಇರತಿದ್ರು.”

ತಿರುಗಿ ಬರುವಾಗ ಇಮಾಮಕಾಕಾನೇ ಅಂದ: “ಬಾಳಕ್ಕಾ, ಒಂದ ಸುಳ್ಳ ಹೇಳಿದ್ರ ಏನಾಕ್ಕಿತ್ತು?” ಆಯಿ ನನ್ನ ನೆತ್ತಿಯ ಮೇಲೆ ಕೈಯಿಟ್ಟುಕೊಂಡು, “ಅವರ ಮಗಳ ಮುಂದ ಹೆಂಗ ಹೇಳ್ಲೋ?” ಎಂದಳಂತೆ. ಇದನ್ನು ಕಾಕಾ ಒಂದೇ ಸಲ ಹೇಳಿದ್ದು, ಬಹಳ ವರ್ಷಗಳ ಮೇಲೆ. ಅವಳು ಹಾಗೆ ಅಂದಿರಲಾರಳು. ಆಗ ಅವಳ ಬಾಯಲ್ಲಿ ನಾನು “ನನ್ನ ಮಗಳ ಮಗಳು” ಆಗಿದ್ದೆ. ಬೇರೆ ಯಾರ ಮಗಳೂ ಆಗಿರಲಿಲ್ಲ.

ಇನ್ನು ಹಗೇವಿನ ಮಾತು.

ನಮ್ಮ ಕಡೆ ಜೋಳವನ್ನು ನೆಲದೊಳಗೆ ಇಡುವ ಪದ್ಧತಿ. ಒಂದಾಳಿಗಿಂತ ಹೆಚ್ಚು ಆಳ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತುತ್ತಾರೆ. ಅದೇ ಹಗೇವು. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು. ಕೆಲವರದು ಮನೆಯ ಮುಂದೆ. ನಮ್ಮದು ಪಡಸಾಲೆಯ ನಟ್ಟನಡುವೆ ಇತ್ತು. ಹಗೇವಿನ ಗಾಳಿ ಕೆಟ್ಟದ್ದೆಂದು ನಡೆಯಲು ಕಲಿತ ಕೂಸಿಗೂ ಹೇಳಿರುತ್ತಾರೆ. ಮುಚ್ಚಿದ್ದನ್ನು ತೆಗೆದರೆ ಒಂದು ದಿನ ಹಾಗೇ ಬಿಡಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು; ದೀಪ ಆರಿದರೆ ಯಾರೂ ಇಳಿಯಬಾರದು. ಅವಸರ ಮಾಡಿ ಇಳಿದು ಮೇಲೆ ಬಾರದೆ ಹೋದವರ ಕತೆ ಇಲ್ಲದ ಊರು ನಮ್ಮ ಸೀಮೆಯಲ್ಲಿಲ್ಲ.

ಆಯಿ ನಮ್ಮ ಹಗೇವಿಗೆ ಜೋಳ ಹಾಕುವುದನ್ನು ನಿಲ್ಲಿಸಿದ್ದಳು. ಅದನ್ನು ನನಗಾಗಿ ಖಾಲಿ ಇಟ್ಟಿದ್ದಳು. ದಿನಾ ಮುಂಜಾನೆ ಕಲ್ಲು ಸರಿಸಿ ಗಾಳಿಯಾಡಿಸಿ, ಕಂದೀಲು ಇಳಿಸಿ ನೋಡಿ, ಮತ್ತೆ ಅರ್ಧ ಮುಚ್ಚುತ್ತಿದ್ದಳು. ಒಳಗಿನ ಗೋಡೆಯಲ್ಲಿ ಕಾಲಿಡಲು ಗೂಡು ತೋಡಿಸಿದ್ದಳು. ಕೆಳಗೆ ಒಂದು ಕೌದಿ. ಹುಕ್ಕೇರಿ ಬಂತೆಂದರೆ ನಾನು ಇಳಿಯಬೇಕು, ಕೌದಿ ಹೊದ್ದು ಕೂಡಬೇಕು, ಉಸಿರೆತ್ತಬಾರದು. ಮೇಲೆ ಕಲ್ಲು ಎಳೆಯುವಾಗ ಅಂಚಿಗೆ ಒಂದು ಕಟ್ಟಿಗೆಯ ಚಕ್ಕೆ ಸಿಕ್ಕಿಸುತ್ತಿದ್ದಳು, ಗಾಳಿ ಹೋಗಲಿ ಎಂದು. ಅದರ ಮೇಲೆ ಗುರುತು ಸಿಗದಂತೆ ಜಮಖಾನ ಹಾಸುತ್ತಿದ್ದಳು.

ಮೂರು ಸಲ ಇಳಿದಿದ್ದೆ. ಎರಡು ಸಲ ಬೇಲೀಫನಿಗಾಗಿ. ಒಂದು ಸಲ ಬಂದವನು ಮೂಡಲಗಿಯ ಹೊಸ ಬಳೆಗಾರ ಎಂದು ಆಮೇಲೆ ಗೊತ್ತಾಯಿತು. ಅವನು, “ಹುಡುಗಿಗೆ ಬಳಿ ಇಡಸ್ರಿ, ಕೈ ಎಲ್ಲಿ?” ಎಂದು ಕೂತೇಬಿಟ್ಟ. ಆಯಿ ತನ್ನ ಮೂರು ಬೆರಳು ಜೋಡಿಸಿ ತೋರಿಸಿ, “ಇಷ್ಟ ದಪ್ಪ ಐತಿ, ಅಳತಿ ಮ್ಯಾಲ ಕೊಟ್ಟ ಹೋಗಪಾ” ಎಂದು ಬೇಡಿಕೊಂಡಳಂತೆ. ಆ ಬಳೆಗಳು ನನಗೆ ಸಡಿಲಾಗಿದ್ದವು.

ಆ ದಿನ ಯಾವ ಗಂಟೆಯೂ ಕೇಳಲಿಲ್ಲ, ಏಕೆಂದರೆ ಅಪ್ಪ ನಡೆದುಕೊಂಡು ಬಂದ. ಕೋರ್ಟಿಗೆ ಹೋಗುವ ದಿನ ಇನ್ನೂ ಮುಂದಿತ್ತು. ಶ್ರಾವಣದ ಮಳೆ ಎರಡು ವಾರ ಹಿಡಿದು ಬಿಟ್ಟಿತ್ತು. ಹಗೇವಿನ ಹುಲ್ಲು ನೀರೆಳೆದುಕೊಂಡು ಹುಳಿ ನಾತ ಬೀರುತ್ತಿತ್ತು. ಆ ಮುಂಜಾನೆ ಆಯಿ ಕಂದೀಲು ಇಳಿಸಿ ನೋಡಿದ್ದಳೋ ಇಲ್ಲವೋ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಮಾಮಕಾಕಾ ಒಮ್ಮೆ ನೋಡಿದ್ದಳು ಎಂದ, ಒಮ್ಮೆ ಮಳೆಗೆ ಕಡ್ಡಿಪೆಟ್ಟಿಗೆ ತೊಯ್ದಿತ್ತು ಎಂದ. ಊರ ಅಗಸಿಬಾಗಿಲಲ್ಲಿ ಅಪ್ಪನನ್ನು ಕಂಡು ಓಡಿ ಬಂದವನು ಅವನೇ. “ಬಾಳಕ್ಕಾ, ಹುಕ್ಕೇರಿ ಸಾವಕಾರ್ರು! ಛತ್ರಿ ಹಿಡಕೊಂಡ ಒಬ್ಬರಽ ಬರಾಕತ್ತಾರು!” ಆಯಿ ನನ್ನನ್ನು ಇಳಿಸಿ, ಕಲ್ಲೆಳೆದು, ಚಕ್ಕೆ ಸಿಕ್ಕಿಸಿ, ಜಮಖಾನ ಹಾಸಿ ಏಳುವುದಕ್ಕೂ ಅಪ್ಪ ಬಾಗಿಲಲ್ಲಿ ಛತ್ರಿ ಮಡಿಸುವುದಕ್ಕೂ ಸರಿಹೋಯಿತು.

“ಅತ್ತಿ, ಆರಾಮ ಅದೀರಿ?”

“ಬರ್ರಿ, ಬರ್ರಿ. ಕಾಲಿಗೆ ನೀರ ತಗೋರಿ.”

ಅಳಿಯ ಬಂದರೆ ನೆಲದ ಮೇಲೆ ಕೂಡಿಸುವುದುಂಟೆ? ಜಮಖಾನದ ಮೇಲೆ ಕೂಡಿಸಬೇಕು. ಮನೆಯಲ್ಲಿದ್ದದ್ದು ಒಂದೇ ಜಮಖಾನ. ಅದು ಆಗಲೇ ಹಾಸಿತ್ತು. ಅಪ್ಪ ಕಾಲು ತೊಳೆದು ಬಂದು, ತನಗಾಗಿ ಹಾಸಿದ್ದೆಂದು ತಿಳಿದು, ಸರಿಯಾಗಿ ನಡುವೆ ಕೂತ. ಕಟ್ ಎಂದು ಸಣ್ಣ ಸಪ್ಪಳವಾಯಿತು. ಅದು ಚಕ್ಕೆ ಮುರಿದು ಕಲ್ಲು ಹಗೇವಿನ ಬಾಯಿಗೆ ಕೂತ ಸಪ್ಪಳ ಎಂದು ತಿಳಿದದ್ದು ಆಯಿ ಒಬ್ಬಳಿಗೆ.

“ಪಾರಿ ಎಲ್ಲಿ?” ಅಪ್ಪ ಕೇಳಿದ. ಪಾರಿ ನಾನು.

“ಇಲ್ಲೇ ಎಲ್ಯರ ಇರಬೇಕ್ರಿ.”

“ಅತ್ತಿ, ನಾ ಜಗಳಕ್ಕ ಬಂದಿಲ್ಲ. ಕೋರ್ಟಿನ್ಯಾಗ ಕೂಸಿನ್ನ ಎಲ್ಲಾರ ಮುಂದ ನಿಲ್ಲಿಸಿ, ನಿನಗ ಯಾರ ಬೇಕು ಅಂತ ಕೇಳತಾರಂತ. ಒಂಬತ್ತ ವರ್ಷದ ಕೂಸಿಗೆ ಅಂಥಾ ಮಾತ ಕೇಳಬಾರದ್ರಿ. ನಾವ ನಾವ ಕುಂತು ಬಗಿಹರಸೂಣು.”

ಆಯಿ ಅವನ ಹಣೆ ನೋಡುತ್ತ ನಿಂತಿದ್ದಳು. ಅಪ್ಪ ಸ್ವಲ್ಪ ಹೊತ್ತು ಕಾದು, ಛತ್ರಿ ತೆಗೆದುಕೊಂಡು ಎದ್ದ. “ಆತು. ನೀವೂ ವಿಚಾರ ಮಾಡ್ರಿ. ನಾ ಮತ್ತ ಬರ್ತ್ನಿ.”

ಅವನು ಎದ್ದಿದ್ದ. ಜಮಖಾನ ಬಿಟ್ಟು ಎರಡು ಹೆಜ್ಜೆ ಇಟ್ಟಿದ್ದ. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಹೊರಗಿರುತ್ತಿದ್ದ, ಕಲ್ಲು ತೆಗೆಯಬಹುದಿತ್ತು. ಆಗ ಆಯಿಯ ಬಾಯಿಂದ, ಅರವತ್ತು ವರ್ಷದ ರೂಢಿಯಿಂದ, ಅವಳನ್ನು ಕೇಳದೆಯೇ ಮಾತು ಬಂತು:

“ಉಣ್ಣದ ಹೆಂಗ ಹೋಗ್ತೀರಿ? ಒಂದ ರೊಟ್ಟಿ ತಿಂದ ಹೋಗ್ರಿ.”

ಅತ್ತೆ ಊಟಕ್ಕೆ ಕರೆದಾಗ ಅಳಿಯ ಉಣ್ಣದೆ ಹೋದರೆ ಅದು ಸಂಬಂಧ ಕಡಿದಂತೆ. ಜಗಳಕ್ಕೆ ಬಂದಿಲ್ಲ ಎಂದವನು ಹೇಗೆ ಹೋಗುತ್ತಾನೆ? ಅಪ್ಪನ ಮುಖ ಅರಳಿತಂತೆ. “ಆತ ಬಿಡ್ರಿ. ಒಂದ ತಂಬಿಗಿ ನೀರ ಕೊಡ್ರಿ, ಪೂಜಾ ಆಗಿಲ್ಲ” ಎಂದು ತಿರುಗಿ ಅದೇ ಜಾಗದಲ್ಲಿ ಕೂತ.

ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಅವನು ಪೂಜೆ ಮಾಡಿದ. ಪೂಜೆಗೆ ಕೂತವರನ್ನು ಮಾತಾಡಿಸುವುದಿಲ್ಲ. ಆಯಿ ಒಳಗೆ ರೊಟ್ಟಿ ಬಡಿದಳು. ಊರಿನಲ್ಲಿ ಈ ಕತೆ ಹೇಳುವವರೆಲ್ಲ ಇಲ್ಲಿ ನಿಟ್ಟುಸಿರು ಬಿಡುತ್ತಾರೆ: ಪಾಪ, ಪೂಜೆ ಮುರಿಯಬಾರದೆಂದು ಹಲ್ಲು ಕಚ್ಚಿ ಕೂತಿದ್ದಳು ಬಾಳವ್ವ.

ಕೆಳಗಿದ್ದವಳು ನಾನು. ಹುಳಿ ನಾತ ನೆನಪಿದೆ. ಮೊದಲು ತಲೆ ಭಾರವಾದದ್ದು, ಆಮೇಲೆ ಕೌದಿಯೇ ನನ್ನ ಮೇಲೆ ಬೆಳೆಯುತ್ತಿದೆ ಎನ್ನಿಸಿದ್ದು. ಮೇಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಕಲ್ಲು ಮುಚ್ಚಿದ ಹಗೇವಿಗೆ ಅಡಿಗೆಮನೆಯ ಸಪ್ಪಳ ಕೇಳುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನನ್ನ ಎದೆ ಬಡಿತವನ್ನೇ ಕೇಳಿದ್ದೆನೋ ಏನೋ.

ಪೂಜೆ ಮುಗಿಯಿತು. ಆಯಿ ತಾಟು ತಂದಿಟ್ಟಳು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಅಪ್ಪ ಎರಡು ತುತ್ತು ತಿಂದಿದ್ದ. ಇನ್ನೊಂದು ರೊಟ್ಟಿ ತರುತ್ತೇನೆಂದು ಒಳಗೆ ಹೋದವಳು ಬರಿಗೈಯಲ್ಲಿ, ಕೈ ತುಂಬ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು.

“ಏಳ್ರಿ.”

ಅಪ್ಪನ ಕೈ ಬಾಯ ಹತ್ತಿರ ನಿಂತಿತು. “ಏನಂದ್ರಿ?”

“ಏಳ್ರಿ ಮ್ಯಾಲ. ನಿಮ್ಮ ಮಗಳು ನಿಮ್ಮ ಕೆಳಗದಾಳ.”

ಆಮೇಲಿನದು ಕಟ್ಟೆಯ ಮೇಲೆ ಕೂತಿದ್ದ ಇಮಾಮಕಾಕಾ ಕಂಡದ್ದು. ತಾಟು ಒಂದು ಕಡೆ, ಜಮಖಾನ ಒಂದು ಕಡೆ. ಅಪ್ಪ ಒಬ್ಬನೇ ಆ ಕಲ್ಲನ್ನು ದಬ್ಬಿದ. ಹೆಸರು ಹಿಡಿದು ಕೂಗಿದ. ಉತ್ತರವಿಲ್ಲ. ಇಳಿಯಲು ಕಾಲು ಬಿಟ್ಟ. ಕಾಕಾ ಅವನ ರಟ್ಟೆ ಹಿಡಿದು, “ಸಾವಕಾರ್ರ, ತಡೀರಿ, ಮೊದಲ ಕಂದೀಲ ಇಳಸೂನು” ಎಂದ.

“ಕಂದೀಲ ಆರಿದ್ರ ಏನ್ಮಾಡಾಂವ? ನನ್ನ ಮಗಳ್ನ ಅಲ್ಲೇ ಬಿಡಾಂವೇನ? ಹಗ್ಗಾ ತಾ!”

ಗಾಡಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಉಸಿರು ಹಿಡಿದು ಇಳಿದು, ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಂದ. ಅಂಗಳದಲ್ಲಿ ಮಲಗಿಸಿ, ನೀರು ಎರಚಿ, ಧೋತರದ ಚುಂಗಿನಿಂದ ಗಾಳಿ ಬೀಸಿದ. ನಾನು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟೆ. ಮೊದಲು ಕಂಡದ್ದು ಒಬ್ಬ ಸಣ್ಣ ಆಳಿನ ಗಂಡಸು, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು, ಗದ್ದ ಗಡಗಡ ನಡುಗುತ್ತಿತ್ತು. ಆರು ವರ್ಷ ನನ್ನನ್ನು ಅಂಜಿಸಿದ ಹುಕ್ಕೇರಿ ಅಷ್ಟೇ ಇತ್ತು. ಅವನಿಗಿಂತ ಹೆಚ್ಚು ಅಂಜಿದ ಮನುಷ್ಯನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಯಿ ಅಡಿಗೆಮನೆಯ ಬಾಗಿಲು ಬಿಟ್ಟು ಬರಲಿಲ್ಲ. ಅಲ್ಲಿಂದಲೇ, “ಉಸರ ಐತೇನ್ರಿ?” ಎಂದು ಕೇಳಿದಳು. ಅಪ್ಪ ತಲೆ ಆಡಿಸಿದ.

“ಒಯ್ರಿ ಆಕಿನ್ನ.”

“ಅತ್ತಿ, ಈಗ ಆ ಮಾತ ಬ್ಯಾಡ್ರಿ. ಕೋರ್ಟ ಐತಿ, ಎರಡ ದಿನಾ ಹೋಗ್ಲಿ, ಆರಾಮ ಆಗ್ಲಿ…”

“ಇವತ್ತಽ ಒಯ್ರಿ. ಇಷ್ಟ ದಿನಾ ನಿಮಗ ಅಂಜತಿದ್ದೆ. ಈಗ ನನಗ ನನ್ನ ಅಂಜಿಕಿ ಬಂದೈತ್ರಿ.”

ಸಂಜೆಗೆ ಮೊದಲು ಕಳಿಸಿಬಿಟ್ಟಳು. ಹೆಣ್ಣುಮಗಳನ್ನು ತವರಿನಿಂದ ಬರಿ ಉಡಿಯಲ್ಲಿ ಕಳಿಸಬಾರದೆಂದು ನನ್ನ ಪರಕರದ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಸಿನ ಕೊಂಬು ಹಾಕಿದಳು. ಹಾಕುವಾಗಲೂ ಅವಳ ಕೈ ನನಗೆ ತಾಗದಂತೆ ನೋಡಿಕೊಂಡಳು. ನಾನು ಕಂಬ ಹಿಡಿದು ಚೀರಿದೆ. ಬಾಗಿಲ ಮುಂದೆ ಜನ ಸೇರಿತ್ತು. ಕಂಬದಿಂದ ನನ್ನ ಬೆರಳು ಬಿಡಿಸಿದವನು ಇಮಾಮಕಾಕಾ. ಅವನ ಗಾಡಿಯಲ್ಲೇ ಹೋದೆವು. ಉಡಿಯ ಅಕ್ಕಿ ದಾರಿಯಲ್ಲಿ ಎಲ್ಲೆಲ್ಲಿ ಚೆಲ್ಲಿತೋ ತಿಳಿಯದು. ಬೆಳಗಾವಿಯ ಕೋರ್ಟಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಪ್ಪ ಅರ್ಜಿ ಹಿಂದಕ್ಕೆ ತೆಗೆದುಕೊಂಡ.

ತುಕ್ಕಾನಟ್ಟಿಯಲ್ಲಿ ಅವಳಿಗೆ ಹೆಸರು ಬಿತ್ತು: ಉಣ್ಣೂ ಅಳಿಯನ್ನ ಎಬ್ಬಿಸಿದಾಕಿ. ನೀರಿಗೆ ಹೋದ ಹೆಂಗಸರು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರಂತೆ. “ಕೂಸಿನ ಹಗೇವಿನ್ಯಾಗ ಇಳಿಸಿದ್ದು ಹೋಗ್ಲಿ ಬಿಡ ಯವ್ವಾ, ಅಂಜಿಕಿ ಕೈಯಾಗ ಬುದ್ಧಿ ಕೊಟ್ಟಿದ್ಳು. ತಾಟಿನ ಮುಂದಿನ ಅಳಿಯನ್ನ ಏಳಂದ್ಳಂತಲ್ಲ!” ಆಯಿ ಕೊಡ ತುಂಬಿಕೊಂಡು, “ಹೌದವಾ, ಪಲ್ಯಾಕ ಉಪ್ಪ ಕಮ್ಮಿ ಬಿದ್ದಿತ್ತು, ಅದಕ್ಕ ಎಬ್ಬಿಸ್ದೆ” ಎಂದು ಹೇಳಿ ಬರುತ್ತಿದ್ದಳಂತೆ.

ಹುಕ್ಕೇರಿಯಲ್ಲಿ ನಾನು ಕೆಟ್ಟದಾಗಿ ಬೆಳೆಯಲಿಲ್ಲ. ಅಪ್ಪನ ಎರಡನೇ ಹೆಂಡತಿ, ನನ್ನ ಚಿಗವ್ವ, ನನಗೆ ತಲೆ ಬಾಚಿದಳು, ಬೈದಳು, ಉಣಿಸಿದಳು. ಅಪ್ಪ ಶಾಲೆಯ ಬಾಗಿಲವರೆಗೆ ಬಿಟ್ಟು, ಬಿಡುವ ಹೊತ್ತಿಗೆ ಬಂದು ನಿಂತಿರುತ್ತಿದ್ದ. ಮಧ್ಯಾಹ್ನ ನಾನು ಮಲಗಿದ್ದರೆ ಅಂಗಡಿ ಬಿಟ್ಟು ಬಂದು ನನ್ನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದ. “ಉಸರಾಡಾಕತ್ತಾಳ, ನೀವ ಅಂಗಡಿಗೆ ಹೋಗ್ರಿ. ಕೂಸಿಗೆ ಏನೂ ಆಗಿಲ್ಲ, ನಿಮಗಽ ಆಗೇತಿ” ಎಂದು ಚಿಗವ್ವ ಗದರುತ್ತಿದ್ದಳು. ತುಕ್ಕಾನಟ್ಟಿಗೆ ಕಳಿಸು ಎಂದು ನಾನು ಕೇಳಿದಾಗಲೆಲ್ಲ ಅವನ ಮುಖದ ಬಣ್ಣ ಇಳಿಯುತ್ತಿತ್ತು. ಮಳೆ ಇದೆ, ಪರೀಕ್ಷೆ ಇದೆ, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದ. ಆಯಿ ಬರಲೇ ಇಲ್ಲ. ಘಟಪ್ರಭೆಯ ಸಂತೆಗೆ ಬಂದವರ ಕೈಯಲ್ಲಿ ಒಣಗಿಸಿದ ಕಟಿರೊಟ್ಟಿಯ ಗಂಟು ಕಳಿಸುತ್ತಿದ್ದಳು. ಹೀಗೆ ಐದು ವರ್ಷ.

ನನಗೆ ಹದಿನಾಲ್ಕು ತುಂಬಿದ ವರ್ಷ ಇಮಾಮಕಾಕಾ ಬಂದು ಅಂಗಡಿಯ ಮುಂದೆ ನಿಂತ. “ಬಾಳಕ್ಕ ಹಾಸಗಿ ಹಿಡದಾಳ್ರಿ. ಕೂಸಿನ ಕರಕೊಂಡ ಬಾ ಅಂತ ಅಂದಿಲ್ಲ. ನಾನಽ ಬಂದೀನ್ರಿ.” ಅಪ್ಪ ಅಂದೇ ನನ್ನನ್ನು ಕರೆದುಕೊಂಡು ಹೊರಟ. ತುಕ್ಕಾನಟ್ಟಿ ಮುಟ್ಟಿದಾಗ ಮೂರನೇ ಪ್ರಹರ. ಅಪ್ಪ ಒಳಗೆ ಬರಲಿಲ್ಲ; ಕಟ್ಟೆಯ ಮೇಲೆ ಕೂತ.

ಪಡಸಾಲೆಯಲ್ಲಿ ಹಗೇವನ್ನು ಕಲ್ಲು ಮಣ್ಣು ತುಂಬಿ ಮುಚ್ಚಿಸಿದ್ದಳು. ಆ ಜಾಗ ಸ್ವಲ್ಪ ಕುಸಿದು ತಗ್ಗಾಗಿತ್ತು. ಆಯಿ ಗೋಡೆಯ ಬದಿಗೆ ಮಲಗಿದ್ದಳು. ಅಷ್ಟು ಉದ್ದದ ಹೆಂಗಸು ಇಷ್ಟು ಕಡಿಮೆ ಜಾಗದಲ್ಲಿ ಹೇಗೆ ಹಿಡಿದಳೋ. ನನ್ನನ್ನು ಗುರುತಿಸಿದಳು. ಪರಕರ ಬಿಟ್ಟು ಸೀರೆ ಉಟ್ಟದ್ದನ್ನು ನೋಡಿದಳು. ಶಾಲೆ ಕೇಳಿದಳು, ಚಿಗವ್ವನ ಮಕ್ಕಳನ್ನು ಕೇಳಿದಳು. ಆಮೇಲೆ ಕೇಳಿದಳು:

“ಆ ದಿನಾ ಕೆಳಗಿಂದ ನೀ ನನ್ನ ಕರದಿದ್ದೇನ?”

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಸಾಯುತ್ತಿರುವವಳಿಗೆ ಯಾವ ಉತ್ತರ ಬೇಕು ಎಂದು ಮಾತ್ರ ಗೊತ್ತಿತ್ತು.

“ಇಲ್ಲ ಆಯಿ. ನನಗ ನಿದ್ದಿ ಹತ್ತಿತ್ತು.”

“ಎರಡ ಸಲ ಕರದಿ” ಎಂದಳು. “ಆಯಿ ಅಂತ. ಸಣ್ಣ ದನೀಲೆ.”

ನಾನು ಅವಳ ಹೊದಿಕೆ ಸರಿಪಡಿಸಿದೆ.

“ಪೂಜಿ ಮುರೀಬಾರದಂತ ಕುಂತಿದ್ಳು ಅಂತಾರ ಮಂದಿ. ಅನ್ನಲಿ ಪಾಪ, ಒಳ್ಳೇ ಮಂದಿ. ಪೂಜಿ ಅಲ್ಲವಾ. ಮೊದಲ್ನೇ ಸಲ ಕರದಾಗ ನನಗ ಕೇಳಿಸ್ತು. ಕೇಳಿಸಿ, ಇನ್ನೊಂದ ರೊಟ್ಟಿ ಬಡದ್ನಿ. ಜೋರ ಬಡದ್ನಿ. ಇದೊಂದ ರೊಟ್ಟಿ ಉಂಡ ಅವರು ಹೋದ್ರಂದ್ರ ಕೂಸು ನಂದಽ ಅಂತ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಹಣೆ ನೋಡುತ್ತಿದ್ದಳು. ಇದು ನಡೆದದ್ದೋ, ಐದು ವರ್ಷ ಒಬ್ಬಳೇ ಆ ಪಡಸಾಲೆಯಲ್ಲಿ ಕೂತು ತನಗೆ ತಾನೇ ಕಟ್ಟಿಕೊಂಡ ಶಿಕ್ಷೆಯೋ, ಹೇಳಲು ನನ್ನಿಂದಾಗದು. ಕಲ್ಲು ಮುಚ್ಚಿದ ಹಗೇವಿನಿಂದ ದನಿ ಮೇಲೆ ಬರುವುದಿಲ್ಲ ಎಂದು ನಾನು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಹದಿನಾಲ್ಕರ ನಾನು ಅವಳ ಮಾತನ್ನು ನಂಬಿದ್ದೆ. ನಂಬಿಯೂ ಅಲ್ಲಿಂದ ಏಳಲು ಮನಸ್ಸು ಬಾರದೆ ಕೂತಿದ್ದೆ. ಅವಳ ಕೈ ಹಾಸಿಗೆಯ ಮೇಲಿತ್ತು. ನಾನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ತಾನಾಗಿ ಹಿಡಿಯಲೂ ಇಲ್ಲ.

ಹೊರಗೆ ಕಟ್ಟೆಯ ಮೇಲೆ ಅಪ್ಪ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೆಮ್ಮಿದ.

“ಹೋಗವ್ವಾ” ಎಂದಳು ಆಯಿ. “ತಡಾ ಆದ್ರ ನಿಮ್ಮಪ್ಪ ಅಂಜತಾನ.”